ತಿಮೊಥಿಯಣ್ಣನ ಕೊಡೆಕಡ್ಡಿ

ನಮ್ಮ ಅಡುಗೆಮನೆಯ ಗೋಡೆಯಲ್ಲಿ, ಸೌಟು ಜಾಲರಿಗಳ ಸಾಲಿಗೆ ತಾನೂ ಸೇರಿಕೊಂಡು, ಒಂದು ಕೊಡೆಕಡ್ಡಿ ತೂಗಾಡುತ್ತಿರುತ್ತದೆ. ಬಟ್ಟೆ ಇಲ್ಲ, ಹಿಡಿ ಇಲ್ಲ, ಕೊಡೆಯಂತೂ ಇಲ್ಲವೇ ಇಲ್ಲ. ಬರೀ ಒಂದು ಕಡ್ಡಿ. ಹಬೆಯಲ್ಲಿ ಬೇಯುವ ಕಡುಬಿನ ಹೊಟ್ಟೆಗೆ ಅದನ್ನು ಚುಚ್ಚಿ ನೋಡುತ್ತೇನೆ. ಹಿಟ್ಟು ಅಂಟದೆ ಹೊರಬಂದರೆ ಪಾತ್ರೆ ಇಳಿಸಬಹುದು. ಅಟ್ಟದ ಮೇಲೆ ನಿದ್ದೆ ಹೊಡೆಯುವ ಬೆಕ್ಕನ್ನು ಎಬ್ಬಿಸುವುದಕ್ಕೂ, ಮಂಚದಡಿಗೆ ಉರುಳಿಹೋದ ನಿಂಬೆಹಣ್ಣನ್ನು ಈಚೆಗೆ ಎಳೆಯುವುದಕ್ಕೂ, ಮೊಮ್ಮಕ್ಕಳಿಗೆ ಹೊಡೆಯುವವಳಂತೆ ನಟಿಸಿ ಹೊಡೆಯದೆ ಬಿಡುವುದಕ್ಕೂ ಅದೇ. ತಿಂಗಳಿಗೊಮ್ಮೆ ಹುಣಿಸೆಹಣ್ಣು ಹಾಕಿ ಬೆಳಗುತ್ತೇನೆ, ಆದ್ದರಿಂದ ನೀವು ಮುಖ ಕಿವುಚಬೇಕಾಗಿಲ್ಲ. ಸುಳ್ಯದ ಕಡೆಯಿಂದ ಬಂದ ನನ್ನ ಸೊಸೆ ಮಾತ್ರ ಇಂದಿಗೂ ಮುಖ ಕಿವುಚುತ್ತಾಳೆ. "ಎಂತ ಅತ್ತೆ ಇದು, ಕೊಡೆಯ ಕಡ್ಡಿಯನ್ನು ಯಾರಾದ್ರೂ ಕಡುಬಿಗೆ ಚುಚ್ಚುದುಂಟಾ?" ಎಂದು ಕೇಳುತ್ತಾಳೆ. ಸುಳ್ಯದ ಪೇಟೆಯಲ್ಲಿ ಬೆಳೆದವಳು. ಸಿಟ್ಟು ಬಂದರೂ ನಗು ಬಂದರೂ ಅವಳ ಬಾಯಿಗೆ ಮೊದಲು ಬರುವುದು ತುಳು.

"ಅದು ಕೊಡೆಕಡ್ಡಿ ಅಲ್ಲ, ಸಂಗೀತದ ಕಡ್ಡಿ" ಎಂದು ನಾನು ಹೇಳುತ್ತೇನೆ. ಅತ್ತೆಗೆ ಅರಳುಮರಳು ಶುರುವಾಗಿದೆ ಎಂದು ಅವಳು ಗಂಡನ ಹತ್ತಿರ ಪಿಸುಗುಡುವುದು ಗೋಡೆಯಾಚೆಯಿಂದ ಕೇಳಿಸುತ್ತದೆ. ನನ್ನ ಕಿವಿ ಇನ್ನೂ ಚುರುಕಾಗಿಯೇ ಇದೆ, ಬೇಕಾದಾಗ. ಈಗ ಗಾಳಿಬೀಡಿನ ಈ ಜಗುಲಿಯಲ್ಲಿ ನೀವೂ ನಾನೂ ಎದುರುಬದುರು ಕೂತಿದ್ದೇವೆ ಎಂದುಕೊಳ್ಳಿ, ಕೈಯಲ್ಲೊಂದು ಲೋಟ ಬೆಲ್ಲದ ಕಾಫಿ ಇದೆ ಎಂದುಕೊಳ್ಳಿ. ಈ ಕಡ್ಡಿಯ ವಂಶಾವಳಿಯನ್ನು ನಿಮಗೆ ಹೇಳಿಬಿಡುತ್ತೇನೆ.

ಈ ಕಡ್ಡಿ ಒಂದು ಕಾಲಕ್ಕೆ ಮಡಿಕೇರಿಯ ಕ್ರೈಸ್ತ ತರುಣ ಕೂಟದ ಹಾಡುಗಾರಿಕೆಯನ್ನೆಲ್ಲ ಆಳಿತ್ತು. ಬಿಳಿಯರ ಕಾಲ ಅದು. ದೊರೆಗಳ ಬಾಯಲ್ಲಿ ನಮ್ಮ ಊರು ಮರ್ಕೆರಾ ಆಗಿತ್ತು, ನಮ್ಮ ನಾಡು ಕೂರ್ಗ್ ಆಗಿತ್ತು. ಮಳೆ ಮಾತ್ರ ಈ ಹೆಸರುಗಳ ಗೊಡವೆಯಿಲ್ಲದೆ ಎಲ್ಲರ ತಲೆಯ ಮೇಲೂ ಸಮನಾಗಿ ಸುರಿಯುತ್ತಿತ್ತು. ಆ ಮಳೆಯನ್ನೇ ನಂಬಿ ಬದುಕುತ್ತಿದ್ದವರು ತಿಮೊಥಿಯಣ್ಣ. ಪೇಟೆಯ ಇಳಿಜಾರಿನ ತಿರುವಿನಲ್ಲಿ, ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಇರಬೇಕಾದಂಥ ಪುಟ್ಟ ಅಂಗಡಿಯಲ್ಲಿ, ಇಕ್ಕಳ, ತಂತಿ, ಸೂಜಿ, ಕಪ್ಪು ಬಟ್ಟೆಯ ಸುರುಳಿ ಇಟ್ಟುಕೊಂಡು ಅವರು ಕೊಡೆ ರಿಪೇರಿ ಮಾಡುತ್ತಿದ್ದರು. ಮಂಗಳೂರಿನ ಕಡೆಯವರು, ತುಳು ಮನೆಮಾತು. ಯೌವನದಲ್ಲಿ ಘಟ್ಟ ಹತ್ತಿ ಬಂದಾಗ ಇಲ್ಲಿಯ ಮಳೆ ನೋಡಿ, ಕೊಡೆ ರಿಪೇರಿಯವನಿಗೆ ಕರ್ತನು ತೋರಿಸಿದ ವಾಗ್ದತ್ತ ದೇಶ ಇದೇ ಎಂದು ಇಲ್ಲೇ ಉಳಿದುಬಿಟ್ಟರಂತೆ.

ತಿಮೊಥಿ ಎಂಬ ಹೆಸರು ಕೊಡಗಿನ ನಾಲಿಗೆಗಳ ಮೇಲೆ ಪಟ್ಟ ಪಾಡು ಕೇಳಬೇಕು ನೀವು. ಕೊಡವರಿಗೆ ಮನೆಗೊಬ್ಬ ತಿಮ್ಮಯ್ಯ ಇರುವುದರಿಂದ ಇವರೂ ತಿಮ್ಮಯ್ಯಣ್ಣನಾದರು. ನಮ್ಮಂಥ ಗೌಡರ ಮನೆಗಳಲ್ಲಿ ತಿಮ್ಮಣ್ಣ. ಎಸ್ಟೇಟಿನ ಲೈನುಗಳಲ್ಲಿ, ಅಂದರೆ ಕೂಲಿಗಳ ಸಾಲುಮನೆಗಳಲ್ಲಿ, ಇದ್ದ ತಮಿಳರಿಗೆ ತಿಮ್ಮೋತಿ. ಸಂತೆಗೆ ಬರುವ ಮಲೆಯಾಳಿಗಳು ಹೆಸರಿನ ತಂಟೆಗೇ ಹೋಗದೆ, ಕೊಡೆಯವನು ಎಂಬ ಅರ್ಥದಲ್ಲಿ 'ಕುಡಕ್ಕಾರ' ಎಂದು ಕೂಗುತ್ತಿದ್ದರು. ಮೈಸೂರಿನ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದ ಗುಮಾಸ್ತರು ಅದನ್ನು ಕೇಳಿ, ಪಾಪ, ಇಷ್ಟು ಸಂಭಾವಿತನಂತೆ ಕಾಣುವ ಮನುಷ್ಯ ಕುಡುಕನಂತೆ ಎಂದು ಮರುಗುತ್ತಿದ್ದರು. ಕಷಾಯಕ್ಕಿಂತ ಖಾರವಾದದ್ದನ್ನು ಕುಡಿದವರಲ್ಲ ತಿಮೊಥಿಯಣ್ಣ. ಆದರೂ ಯಾರು ಏನೆಂದು ಕರೆದರೂ "ಓ" ಎನ್ನುತ್ತಿದ್ದರು. ಕರೆದವರು ಕರೆದದ್ದು ತನ್ನನ್ನೇ ಎಂದು ತಿಳಿದರೆ ಸಾಕಿತ್ತು ಅವರಿಗೆ.

ನಮ್ಮ ಕನ್ನಡದಲ್ಲಿ ಕೊಡೆ ಎಂದರೆ ಛತ್ರಿ. ಕೊಡೆ ಎಂದರೆ ಕೊಡಲಾರೆ ಎಂದೂ ಆಗುತ್ತದೆ. ಜೀವಮಾನವಿಡೀ ಮೊದಲನೆಯ ಕೊಡೆಯೊಂದಿಗೆ ಹೆಣಗಿದ ಈ ಮನುಷ್ಯನಿಗೆ ಎರಡನೆಯ ಕೊಡೆ ಬಾಯಿಗೆ ಬರಲೇ ಇಲ್ಲ. ಅಂಗಡಿ ಮುಚ್ಚಿದ ಮೇಲೆ ಉಳಿದ ಸಮಯವೆಲ್ಲ ಕೂಟಕ್ಕೆ. ಕೂಟದ ಬಾಗಿಲು ತೆರೆಯುವವರು ಅವರು, ಕಸ ಗುಡಿಸುವವರು ಅವರು, ಚಾಪೆ ಹಾಸಿ, ಲಾಂದ್ರದ ಗಾಜು ಒರೆಸಿ, ಚೆಂಡಾಟದ ಬಲೆ ಕಟ್ಟಿ, ಹರಿದ ಪುಸ್ತಕಕ್ಕೆ ಕೊಡೆಯ ನೂಲಿನಲ್ಲೇ ಹೊಲಿಗೆ ಹಾಕಿ, ಜ್ವರ ಬಂದ ಹುಡುಗನ ಮನೆಗೆ ಗಂಜಿ ಹೊತ್ತು ಹೋಗುವವರೂ ಅವರೇ. ಕೂಟಕ್ಕೆ ಅಧ್ಯಕ್ಷರಿದ್ದರು, ಉಪಾಧ್ಯಕ್ಷರಿದ್ದರು, ಕಾರ್ಯದರ್ಶಿಯಿದ್ದರು, ಬಂದರು, ಹೋದರು. ತಿಮೊಥಿಯಣ್ಣನಿಗೆ ಯಾವ ಪದವಿಯೂ ಇಲ್ಲದ ಕಾರಣ ಅವರನ್ನು ಕೆಳಗಿಳಿಸಲು ಯಾರಿಗೂ ಆಗಲಿಲ್ಲ. ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ ವಾರ್ಷಿಕ ಫೋಟೋಗಳಲ್ಲಿ ಎಲ್ಲಿ ಹುಡುಕಿದರೂ ಅವರ ಮುಖ ಸಿಗುವುದಿಲ್ಲ. ಯಾಕೆಂದರೆ ಫೋಟೋ ತೆಗೆಯುವಾಗ ಕ್ಯಾಮೆರಾಕ್ಕೆ ಬಿಸಿಲು ಬೀಳದಂತೆ ಕೊಡೆ ಹಿಡಿದು ನಿಲ್ಲುವವರು ಯಾವಾಗಲೂ ಅವರೇ. ಒಂದೆರಡು ಪಟಗಳ ಅಂಚಿನಲ್ಲಿ ನೆಲದ ಮೇಲೆ ದುಂಡಗಿನ ಒಂದು ನೆರಳು ಬಿದ್ದಿದೆ, ಅದು ತಿಮೊಥಿಯಣ್ಣ.

ಇಷ್ಟೆಲ್ಲ ಗುಣವಿದ್ದ ಆ ಮನುಷ್ಯನಿಗೆ ಹಾಡಲು ಬರುತ್ತಿರಲಿಲ್ಲ. ಅಯ್ಯೋ, ಬರುತ್ತಿರಲಿಲ್ಲ ಎಂದರೆ ಏನೇನೂ ಸಾಲದು. ಸ್ವರಗಳು ಏಳೇ ಇವೆ ಎಂದು ತಿಳಿದವರು ಹೇಳುತ್ತಾರೆ. ಅವುಗಳ ಸಂದುಗಳಲ್ಲಿ ಎಷ್ಟೊಂದು ಖಾಲಿ ಜಾಗ ಬಿದ್ದಿದೆ ಎಂಬುದನ್ನು ತಿಮೊಥಿಯಣ್ಣ ಪ್ರತಿ ಶನಿವಾರ ಸಂಜೆ ನಮಗೆ ತೋರಿಸಿಕೊಡುತ್ತಿದ್ದರು. ಮತ್ತು ಕೂಟದ ಹಾಡುಗಾರಿಕೆಯ ಮುಂದಾಳು ಕೂಡ ಅವರೇ! ಇದು ಹೇಗಾಯಿತು ಎಂದು ನೀವು ಕೇಳುವುದು ನ್ಯಾಯ. ಮಳೆಯಿಂದಾಯಿತು. ಕೂಟದ ಚಾವಡಿಗೆ ತಗಡಿನ ಮಾಡು. ಜೂನಿನಲ್ಲಿ ಹಿಡಿದ ಮಳೆ ಆ ತಗಡನ್ನು ಬಡಿಯತೊಡಗಿದರೆ ಪಕ್ಕದಲ್ಲಿ ಕೂತವರ ಕೆಮ್ಮು ಕೂಡ ಕೇಳಿಸುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಎಲ್ಲರ ಕಿವಿಗೂ ಮುಟ್ಟುವಂತೆ ಹಾಡಬಲ್ಲ ಗಂಟಲು ಅವರದೊಂದೇ. ಕೊಡೆಕಡ್ಡಿಯನ್ನು ಮೇಲೆತ್ತಿ, "ಮಳೆಗೆ ಕೇಳ್ಬೇಕು ಮಕ್ಕಳೇ, ಮಳೆಗೆ!" ಎಂದು ಕೂಗುತ್ತಿದ್ದರು. ನಾವು ಮಳೆಗೆ ಕೇಳುವಂತೆ ಕಿರುಚುತ್ತಿದ್ದೆವು. ಆಹಾ, ಆ ಕಿರುಚಾಟದ ಸುಖವೇ ಸುಖ!

ನಾನು ಕ್ರೈಸ್ತಳಲ್ಲ, ನನ್ನ ಗೆಳತಿ ಪೊನ್ನವ್ವನೂ ಅಲ್ಲ. ಅವಳು ಶ್ರೀಮಂಗಲದ ಕೊಡವರ ಹುಡುಗಿ, ಓದಿಗಾಗಿ ಮಡಿಕೇರಿಯಲ್ಲಿ ಸೋದರಮಾವನ ಮನೆಯಲ್ಲಿದ್ದಳು. ನನ್ನ ಅಪ್ಪ ಕಚೇರಿಯಲ್ಲಿ ಗುಮಾಸ್ತರಾಗಿದ್ದರಿಂದ ಆಗ ನಮ್ಮ ಬಿಡಾರವೂ ಅಲ್ಲೇ. ಕೂಟದ ಶನಿವಾರದ ಹಾಡಿಗೆ ಯಾರು ಬೇಕಾದರೂ ಬರಬಹುದಿತ್ತು. ಹುಡುಗಿಯರಿಗೂ ಒಂದು ಚಾಪೆ ಇತ್ತು. ಹೋಗಲೇ ಎಂದು ಕೇಳಿದಾಗ ಅಪ್ಪ ನಮ್ಮ ಅರೆಭಾಷೆಯಲ್ಲಿ, "ಹಾಡಿಕೆ ಹೋಗು, ಅಡ್ಡಿಲೆ. ಕತ್ತಲೆ ಆಕೆ ಮುಂದೆ ಮನೆಗೆ ಬಾ" ಎಂದರು, ಕತ್ತಲಾಗುವ ಮೊದಲು ಬಂದುಬಿಡು ಎಂದು. ಅಜ್ಜಿ ಮಾತ್ರ ಜಾತಿ ಕೆಡಿಸುತ್ತಾರೆ ಎಂದು ಗೊಣಗಿದಳು. ಮುಂದೆ ಅದೇ ಅಜ್ಜಿ ತಿಮೊಥಿಯಣ್ಣನ ಪ್ರಾರ್ಥನೆಯಲ್ಲಿ ತನ್ನ ಮಂಡಿನೋವಿನ ಹೆಸರೂ ಬರುತ್ತದೆ ಎಂದು ತಿಳಿದು, "ಈ ಶನಿವಾರ ಎಡದ ಕಾಲ್‌ದ್ ಹೇಳಿಕೆ ಹೇಳ್" ಎಂದು ಎಡಗಾಲಿನ ನೋವನ್ನು ಪ್ರಾರ್ಥನೆಗೆ ಸೇರಿಸುವಂತೆ ನನ್ನ ಕೈಯಲ್ಲಿ ಹೇಳಿ ಕಳಿಸುವಂತಾದಳು. ಅವರ ಪ್ರಾರ್ಥನೆಯೇ ಹಾಗೆ. ಕಣ್ಣು ಮುಚ್ಚಿದರೆಂದರೆ ಊರಿನ ಸಮಸ್ತ ಸೊಂಟ, ಮಂಡಿ, ಹಲ್ಲುಗಳ ಜೊತೆಗೆ ಪೊನ್ನವ್ವನ ಗಣಿತವನ್ನೂ ಕರ್ತನ ಪಾದಕ್ಕೆ ಹಾಕುತ್ತಿದ್ದರು. ಮಂಡಿನೋವು ಕೊಂಚ ಇಳಿಯಿತು, ಗಣಿತ ಇಳಿಯಲಿಲ್ಲ.

ಇಷ್ಟೆಲ್ಲ ದುಡಿಮೆಗೆ ತಿಮೊಥಿಯಣ್ಣ ಬಯಸುತ್ತಿದ್ದುದು ಒಂದೇ ಒಂದು. ಕ್ರಿಸ್ಮಸ್ ಸಂಜೆ, ಊರಿನವರೆಲ್ಲ ಸೇರಿದ ಚಾವಡಿಯಲ್ಲಿ, ಮೊಣಕೈಗೆ ಕೊಡೆಬಟ್ಟೆಯ ತೇಪೆ ಹಾಕಿದ ಕರಿ ಕೋಟು ತೊಟ್ಟು, ಕಡ್ಡಿ ಹಿಡಿದು ಎಲ್ಲರ ಮುಂದೆ ನಿಂತು ಹಾಡುವುದು. ಹೆಂಡತಿ ಮಕ್ಕಳಿಲ್ಲದ ಅವರಿಗೆ ಅದೇ ಹಬ್ಬ, ಅದೇ ಮೆರವಣಿಗೆ. ಕಾಫಿ ಹಣ್ಣು ಕೆಂಪಾಗತೊಡಗಿದರೆ ಸಾಕು, ಅವರು ಅಂಗಡಿಯಲ್ಲಿ ಕೂತು ಗಂಟಲು ಸರಿಮಾಡಿಕೊಳ್ಳುವುದು ಬೀದಿಯ ಆಚೆ ತುದಿಗೂ ಕೇಳಿಸುತ್ತಿತ್ತು. ತೊಂದರೆಯೆಂದರೆ ಡಿಸೆಂಬರಿನಲ್ಲಿ ಮಳೆ ಇರುವುದಿಲ್ಲ. ತಗಡು ಸುಮ್ಮನಿರುತ್ತಿತ್ತು. ಆ ನಿಶ್ಶಬ್ದದಲ್ಲಿ ಅವರ ಸ್ವರ, ಕೊಡೆಯಿಲ್ಲದೆ ಬಯಲಿಗೆ ಬಂದವರಂತೆ, ಪೂರ್ತಿ ಬಯಲಾಗುತ್ತಿತ್ತು. ನಮಗೆ ಅಭ್ಯಾಸವಾಗಿತ್ತು. ಹಬ್ಬದ ತಿಂಡಿಯಂತೆ ಅದನ್ನೂ ವರ್ಷ ವರ್ಷ ನಿರೀಕ್ಷಿಸುತ್ತಿದ್ದೆವು.

ಆ ವರ್ಷ ಡೇನಿಯಲ್ ಮಾಸ್ತರರು ಬಂದರು. ಬೆಂಗಳೂರಿನವರು, ಸಂಗೀತ ಕಲಿತವರು. ಕೂಟದ ಹಿರಿಯರು ಹಾಡುಗಾರಿಕೆಯ ಉಸ್ತುವಾರಿಯನ್ನು ಸಂತೋಷದಿಂದ ಅವರ ಕೈಗೆ ಒಪ್ಪಿಸಿದರು. ಮಾಸ್ತರರ ಜೇಬಿನಲ್ಲಿ ಎರಡು ಕವಲಿನ ಉಕ್ಕಿನ ಶ್ರುತಿಕಡ್ಡಿ ಇರುತ್ತಿತ್ತು. ಅದನ್ನು ಮೊಣಕಾಲಿಗೆ ತಟ್ಟಿ ಕಿವಿಗೆ ಹಿಡಿದರೆ ಸಣ್ಣಗೆ ಝೇಂಕರಿಸುತ್ತಿತ್ತು. ತಿಮೊಥಿಯಣ್ಣ ಅದನ್ನು ಕೈಗೆ ತೆಗೆದುಕೊಂಡು ಆಚೆ ಈಚೆ ತಿರುಗಿಸಿ ನೋಡಿ, "ಒಳ್ಳೇ ಉಕ್ಕು. ಇದು ಯಾವ ಕೊಡೆಯದ್ದು ಮಾರ್ರೆ?" ಎಂದು ಕೇಳಿದರು. ಪೊನ್ನವ್ವ ನಗು ತಡೆಯಲಾರದೆ ಚಾಪೆಯ ಮೇಲೆ ಮಗುಚಿಬಿದ್ದಳು.

ಡೇನಿಯಲ್ ಮಾಸ್ತರರು ಕೆಟ್ಟವರಲ್ಲ. ಅವರ ಕಿವಿ ಬಹಳ ಒಳ್ಳೆಯದಾಗಿತ್ತು, ಅದೇ ತಾಪತ್ರಯ. ತಿಮೊಥಿಯಣ್ಣ ಬಾಯಿ ತೆರೆದಾಗಲೆಲ್ಲ ಅವರು ಹಲ್ಲುನೋವು ಬಂದವರಂತೆ ಕೆನ್ನೆ ಹಿಡಿದುಕೊಳ್ಳುತ್ತಿದ್ದರು. ಸಾಲದ್ದಕ್ಕೆ ಆ ಸಲ ಕ್ರಿಸ್ಮಸ್ ಸಂಜೆಗೆ ದೊಡ್ಡ ಎಸ್ಟೇಟಿನ ದೊರೆ ಮುಖ್ಯ ಅತಿಥಿಯಾಗಿ ಬರುವುದೆಂದು ಗೊತ್ತಾಗಿತ್ತು. ನಾಲ್ಕು ದನಿಗಳು ಹೆಣೆದುಕೊಂಡು ಸಾಗುವ ನಾಜೂಕಾದ ಹಾಡೊಂದನ್ನು ಮಾಸ್ತರರು ನಮಗೆ ಕಲಿಸತೊಡಗಿದರು. ಆ ಹೆಣಿಗೆಯಲ್ಲಿ ಐದನೆಯ ದನಿಗೆ ಜಾಗವಿರಲಿಲ್ಲ. ಕೊನೆಗೆ ಒಂದು ಸಂಜೆ, ನಾವೆಲ್ಲ ಕೂತಿದ್ದಾಗಲೇ, ಅವರು ಶ್ರುತಿಕಡ್ಡಿಯನ್ನು ಜೇಬಿಗಿಳಿಸಿ ಮಾತು ತೆಗೆದರು.

"ತಿಮೊಥಿಯವರೇ, ಈ ಸಲ ನಿಮಗೆ ಒಂದು ಮುಖ್ಯವಾದ ಕೆಲಸ. ಬಾಗಿಲಲ್ಲಿ ನಿಂತು, ಬಂದವರ ಕೊಡೆಗಳನ್ನೆಲ್ಲ ತೆಗೆದಿಟ್ಟುಕೊಳ್ಳಬೇಕು. ಅದನ್ನ ನಿಮ್ಮಷ್ಟು ಚೆನ್ನಾಗಿ ಇನ್ಯಾರೂ ಮಾಡಲಾರರು."

ತಿಮೊಥಿಯಣ್ಣ ಕಣ್ಣು ಪಿಳಿಪಿಳಿಸಿದರು. "ಡಿಸೆಂಬರಿನಲ್ಲಾ?"

"ಮುಂಜಾಗ್ರತೆ" ಎಂದರು ಮಾಸ್ತರರು, ಕಿವಿಯವರೆಗೂ ಕೆಂಪಾಗಿ.

"ಹಾಗಾದ್ರೆ ಹಾಡು?"

"ಬಾಗಿಲು ಬಿಟ್ಟು ಬರೋಕಾಗಲ್ಲವಲ್ಲ."

"ಹೌದೌದು. ಬಾಗಿಲು ಬಿಟ್ಟು ಬರ್ಲಿಕ್ಕೆ ಆಗುದಿಲ್ಲ" ಎಂದರು ತಿಮೊಥಿಯಣ್ಣ. ಕೈಯಲ್ಲಿದ್ದ ಕೊಡೆಕಡ್ಡಿಯನ್ನು ಒಮ್ಮೆ ನೋಡಿ, ಕೋಟಿನ ಒಳಜೇಬಿಗೆ ಹಾಕಿಕೊಂಡು, ಲಾಂದ್ರದ ಬತ್ತಿ ಸರಿಮಾಡಲು ಹೋದರು. ನನಗೆ ಅಳು ಬಂತು, ಪೊನ್ನವ್ವನಿಗೆ ಸಿಟ್ಟು ಬಂತು. ಅವರು ಆಚೆ ಹೋದ ಮೇಲೆ ಮಾಸ್ತರರು ನಮಗೆಲ್ಲ ಇನ್ನೊಂದು ಮಾತು ಹೇಳಿದರು: ಅಭ್ಯಾಸಬಲದಿಂದ ತಿಮೊಥಿಯವರು ಬಾಗಿಲಿನಿಂದಲೇ ದನಿಗೂಡಿಸಿದರೆ, ಹಾಡು ನಿಲ್ಲಿಸಿ, ದೊರೆಗಳ ಎದುರಿಗೇ ಅವರನ್ನು ಹೊರಗೆ ಕಳಿಸಬೇಕಾದೀತು. ಇಡೀ ಆಯುಷ್ಯವನ್ನು ಆ ಚಾವಡಿಗೆ ಸುರಿದವರು ಅದೇ ಚಾವಡಿಯಿಂದ ಎಲ್ಲರೆದುರು ಹೊರಗೆ ಹೋಗುವುದೆಂದರೇನು!

ಪೊನ್ನವ್ವ ಸುಮ್ಮನೆ ಕೂರುವ ಜಾತಿಯವಳಲ್ಲ. "ಕೊಡೆ ಇಡಿಕೆ ಅಂತ ಅವರನ್ನ ನಿಲ್ಲಿಸಿದ್ರಲ್ಲ, ಕೊಡೆಯೇ ಬಾರದಿದ್ರೆ ಎಷ್ಟು ಅವಮಾನ ಗೊತ್ತುಂಟಾ ನಿಂಗೆ?" ಎಂದಳು. ಕೊಡವ, ಅರೆಭಾಷೆ, ತುಳು, ಕನ್ನಡ ಎಲ್ಲ ಒಂದೇ ಹಂಡೆಯಲ್ಲಿ ಕುದಿಸಿ ಮಾತಾಡುವುದು ನಮ್ಮೂರಿನ ರೂಢಿ. ಮರುದಿನದಿಂದ ಅವಳೂ ನಾನೂ ಮನೆ ಮನೆ ತಿರುಗಿದೆವು. ಪೋಸ್ಟ್ ಮಾಸ್ತರರಿಗೆ ಹೇಳಿದೆವು, ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೆ ಹೇಳಿದೆವು, ಲೈನಿನ ಹೆಂಗಸರಿಗೆ ಹೇಳಿದೆವು. ಮಡಿಕೇರಿಯಲ್ಲಿ ತಿಮೊಥಿಯಣ್ಣನ ಕೈ ಮುಟ್ಟದ ಕೊಡೆ ಯಾವುದಿತ್ತು?

ಕ್ರಿಸ್ಮಸ್ ಸಂಜೆ ಆಕಾಶ ತೊಳೆದಿಟ್ಟ ತಟ್ಟೆಯಂತೆ ಸ್ವಚ್ಛವಾಗಿತ್ತು. ಒಂದು ಮೋಡವೆಂದರೆ ಒಂದು ಮೋಡವಿಲ್ಲ. ಆ ಆಕಾಶದಡಿಯಲ್ಲಿ ಮೊದಲು ಬಂದವರು ಪೋಸ್ಟ್ ಮಾಸ್ತರರು, ಕೊಡೆ ಬಿಡಿಸಿಕೊಂಡು, ಗಂಭೀರವಾಗಿ. ಹಿಂದೆಯೇ ಅವರ ಹೆಂಡತಿ, ಇನ್ನೊಂದು ಕೊಡೆ. ಆಮೇಲೆ ನೋಡಿ, ಕುಪ್ಪಸವೆಂಬ ನಿಲುವಂಗಿ ತೊಟ್ಟ ಕೊಡವರು ಕೊಡೆ ಹಿಡಿದು ಬಂದರು, ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿಸಿದ ಲೈನಿನವರು ಒಂದೇ ಕೊಡೆಯಡಿ ಮೂರು ಮೂರು ಜನ ಬಂದರು, ನಮ್ಮ ಅಪ್ಪ ಕಚೇರಿಯ ಕೊಡೆ ತಂದರು, ನಮ್ಮ ಅಜ್ಜಿ ಕೊಡೆ ಸಿಗದೆ, ನಾಟಿ ಮಾಡುವಾಗ ತಲೆಯ ಮೇಲಿಟ್ಟುಕೊಳ್ಳುವ ಎಲೆಯ ಗೊರಬನ್ನೇ ಹೊತ್ತು ಬಂದಳು. ಬಾಗಿಲಲ್ಲಿ ತಿಮೊಥಿಯ‌ಣ್ಣನಿಗೆ ಉಸಿರಾಡಲು ಪುರುಸೊತ್ತಿಲ್ಲ. "ಓ, ಇದರ ಹಿಡಿ ನಾನೇ ಕೂರಿಸಿದ್ದು! ಇದಕ್ಕೆ ಬಟ್ಟೆ ಹಾಕ್ಸಿ ಅಂತ ಎಷ್ಟು ಸರ್ತಿ ಹೇಳಿದ್ದೆ!" ಎಂದು ಒಂದೊಂದನ್ನೂ ಹೆಸರು ಹಿಡಿದು ಕರೆದು ಒಳಗಿಡುತ್ತಿದ್ದರು. ಅಷ್ಟು ಹೊತ್ತಿಗೆ ಎಸ್ಟೇಟಿನ ದೊರೆಯ ಕಾರು ಬಂತು. ದೊರೆ ಕೆಳಗಿಳಿದು ಕೊಡೆಗಳ ಸಾಲನ್ನು ನೋಡಿದರು, ನಕ್ಷತ್ರ ತುಂಬಿದ ಆಕಾಶವನ್ನು ನೋಡಿದರು, ಮತ್ತೆ ಕೊಡೆಗಳನ್ನು ನೋಡಿದರು. ಇಲ್ಲಿಯ ಮಳೆಯ ಗುಟ್ಟು ಇಲ್ಲಿಯವರಿಗೇ ಗೊತ್ತು ಎಂದುಕೊಂಡಿರಬೇಕು. ಗಾಬರಿಯಿಂದ ತಮ್ಮ ಜವಾನನನ್ನು ಕೊಡೆ ತರಲು ಬಂಗಲೆಗೆ ಓಡಿಸಿದರು!

ಹಾಡು ಶುರುವಾಯಿತು. ಮಾಸ್ತರರು ಶ್ರುತಿಕಡ್ಡಿ ತಟ್ಟಿದರು. ನಾಲ್ಕು ದನಿಗಳು ನಾಜೂಕಾಗಿ ಎದ್ದವು. ಮೊದಲನೆಯ ಚರಣ ಹೇಗೋ ದಾಟಿತು. ಎರಡನೆಯದರಲ್ಲಿ ಗಂಡಸರ ದನಿ ದಾರಿ ತಪ್ಪಿತು, ಅದನ್ನು ಹುಡುಕಲು ಹೋಗಿ ಹೆಂಗಸರ ದನಿಯೂ ತಪ್ಪಿತು. ಮಳೆಗೆ ಕೇಳುವಂತೆ ಕಿರುಚಿ ಬೆಳೆದವರಿಗೆ ಮೆಲ್ಲಗೆ ಹಾಡುವುದು ಎಲ್ಲಿಂದ ಬರಬೇಕು? ಒಬ್ಬೊಬ್ಬರಾಗಿ ಬಾಯಿ ಮುಚ್ಚಿಕೊಂಡೆವು. ಮಾಸ್ತರರ ಹಣೆಯಲ್ಲಿ ಬೆವರು. ಚಾವಡಿಯ ತುಂಬ ಜನ ನೆಲ ನೋಡುತ್ತಿದ್ದಾರೆ. ಬಾಗಿಲಲ್ಲಿ ಎರಡು ಕಂಕುಳ ತುಂಬ ಕೊಡೆ ಅವುಚಿಕೊಂಡು ನಿಂತಿದ್ದ ತಿಮೊಥಿಯಣ್ಣ ನಮ್ಮನ್ನೇ ನೋಡುತ್ತಿದ್ದರು, ನೀರಿಗೆ ಬಿದ್ದ ಮಕ್ಕಳನ್ನು ದಡದಿಂದ ನೋಡುವವರಂತೆ. ಮೆಲ್ಲಗೆ ಅವರ ಬಾಯಿ ತೆರೆದುಕೊಂಡಿತು.

ಸಾಲಿನ ಕೊನೆಯಲ್ಲಿ, ಬಾಗಿಲಿಗೆ ಹತ್ತಿರದಲ್ಲಿ ನಿಂತಿದ್ದವಳು ಪೊನ್ನವ್ವ. ಈಗ ಇವರನ್ನು ಹೊರಗೆ ಕಳಿಸುತ್ತಾರೆ ಎಂಬ ಭಯದಲ್ಲಿ ಅವಳಿಗೆ ಕನ್ನಡ ಮರೆತುಹೋಯಿತು, ಉಳಿದದ್ದೆಲ್ಲ ಮರೆತುಹೋಯಿತು, ತಾಯಿಯ ಮಾತೊಂದೇ ಉಳಿಯಿತು. "ಬೋಂಡ, ತಿಮ್ಮಯ್ಯಣ್ಣ! ಬೋಂಡ!" ಎಂದು ಉಸುರಿದಳು. ಕೊಡವ ಮಾತಿನಲ್ಲಿ ಬೋಂಡ ಎಂದರೆ ಬೇಡ.

ತಿಮೊಥಿಯಣ್ಣನ ಮುಖ ಬೆಳಗಿತು. ಕಂಕುಳಿನ ಕೊಡೆಗಳೆಲ್ಲ ದಡದಡನೆ ನೆಲಕ್ಕೆ ಬಿದ್ದವು. ಒಳಜೇಬಿನಿಂದ ಕಡ್ಡಿ ಈಚೆಗೆ ಬಂತು. ಮತ್ತು ಅವರು ಹಾಡಿದರು!

ಅದನ್ನು ಹೇಗೆ ವರ್ಣಿಸಲಿ? ನಾಲ್ಕು ದನಿಗಳೂ ಬಿಟ್ಟ ಜಾಗವನ್ನೆಲ್ಲ ತಾವೊಬ್ಬರೇ ತುಂಬಿ, ತುಂಬಿ ಮಿಕ್ಕಿದ್ದನ್ನು ಕಿಟಕಿಯಿಂದ ಆಚೆಗೂ ಹರಿಸಿದರು. ನಮ್ಮ ಗಂಟಲು ತಾನಾಗಿ ತೆರೆದುಕೊಂಡಿತು. ಮಳೆಗೆ ಕೇಳುವಂತೆ ಹಾಡಿದೆವು, ಇಲ್ಲದ ಮಳೆಗೆ. ಇಷ್ಟು ತಪ್ಪಾಗಿ ಒಬ್ಬರು ಹಾಡಬಹುದಾದರೆ ತಾವೂ ಹಾಡಬಹುದಲ್ಲ ಎಂದು ಹಿಂದಿನ ಸಾಲಿನವರಿಗೆ ಅನ್ನಿಸಿರಬೇಕು. ಲೈನಿನ ಹೆಂಗಸರು ದನಿ ಸೇರಿಸಿದರು, ಪೋಸ್ಟ್ ಮಾಸ್ತರರು ಸೇರಿಸಿದರು, ಒಂದಕ್ಷರ ಗೊತ್ತಿಲ್ಲದ ನಮ್ಮ ಅಜ್ಜಿ ತನ್ನ ನಾಟಿಯ ಹಾಡನ್ನೇ ಅದರೊಳಕ್ಕೆ ತುರುಕಿದಳು. ದೊರೆಯೂ ಎದ್ದು ನಿಂತು ತಮ್ಮ ಭಾಷೆಯಲ್ಲಿ ಹಾಡತೊಡಗಿದರು. ಅವರ ಶ್ರುತಿಯೂ ತಿಮೊಥಿಯಣ್ಣನ ಶ್ರುತಿಯೂ ಅಚ್ಚುಕಟ್ಟಾಗಿ ಒಂದೇ ಜಾಗದಲ್ಲಿ ತಪ್ಪಿದ್ದವು. ಆಗ ಧಾರಾಕಾರ ಮಳೆ ಸುರಿಯಿತು ಎಂದು ಬರೆದರೆ ಪ್ರಬಂಧಕ್ಕೆ ಶೋಭೆ; ಆದರೆ ಸುರಿಯಲಿಲ್ಲ. ಜವಾನ ಬಂಗಲೆಯಿಂದ ತಂದ ಕೊಡೆ ಹಿಡಿದು ಬಾಗಿಲಲ್ಲಿ ತಬ್ಬಿಬ್ಬಾಗಿ ನಿಂತಿದ್ದ, ಅದನ್ನು ತೆಗೆದಿಟ್ಟುಕೊಳ್ಳಬೇಕಾದವರು ವೇದಿಕೆಯ ಮುಂದಿದ್ದರು.

ಎಲ್ಲ ಮುಗಿದ ಮೇಲೆ ಡೇನಿಯಲ್ ಮಾಸ್ತರರು ಬಂದು, "ತಿಮೊಥಿಯವರೇ, ಹಾಡೋದು ಬೇಡ ಅಂತ ಮಾತಾಗಿತ್ತಲ್ಲ?" ಎಂದರು. ದನಿಯಲ್ಲಿ ಸಿಟ್ಟಿಗಿಂತ ಸುಸ್ತೇ ಜಾಸ್ತಿಯಿತ್ತು.

"ನಾನೆಂತ ಮಾಡ್ಲಿ ಮಾರ್ರೆ? ಈ ಹುಡುಗಿ ಬೋಡು, ಬೋಡು ಅಂದ್ಳು. ನಮ್ಮ ತುಳುವಿನಲ್ಲಿ ಬೋಡು ಅಂದ್ರೆ ಬೇಕು ಅಂತ ಅಲ್ವಾ? ಅಷ್ಟು ಆಸೆಯಿಂದ ಕೇಳುವಾಗ ಇಲ್ಲ ಅಂತ ಹೇಗೆ ಹೇಳುದು?"

"ಅಯ್ಯೋ, ನಾನು ಅಂದದ್ದು ಬೋಂಡ! ಬೋಂಡ ಅಂದ್ರೆ ಬೇಡ!" ಎಂದು ಪೊನ್ನವ್ವ ಹಣೆ ಚಚ್ಚಿಕೊಂಡಳು.

ಬೆಂಗಳೂರಿನ ಮಾಸ್ತರರು ಇಬ್ಬರ ಮುಖವನ್ನೂ ಸರದಿಯಲ್ಲಿ ನೋಡಿ, "ಬೋಂಡ ಅಂದರೆ ತಿಂಡಿಯಲ್ಲವೇ?" ಎಂದರು. ಅಲ್ಲಿಗೆ ಮುಗಿಯಿತು. ಮೊದಲು ನಕ್ಕವರು ಅವರೇ; ನಕ್ಕು ನಕ್ಕು ಬೆಂಚಿನ ಮೇಲೆ ಕುಸಿದು ಕೂತರು. ತಿಮೊಥಿಯಣ್ಣನನ್ನು ಹೊರಗೆ ಕಳಿಸುವ ಮಾತು ಯಾರಿಗೂ ನೆನಪಾಗಲಿಲ್ಲ. ಮುಂದಿನ ವರ್ಷದಿಂದ ಕ್ರಿಸ್ಮಸ್‌ಗೆ ಎರಡು ಹಾಡು: ಒಂದು ಶ್ರುತಿಕಡ್ಡಿಯದು, ಇನ್ನೊಂದು ಕೊಡೆಕಡ್ಡಿಯದು. ಎರಡನೆಯದಕ್ಕೆ ಮಾಸ್ತರರೂ ಗಂಟಲು ಬಿಚ್ಚಿ ಹಾಡುತ್ತಿದ್ದರು, ಕೆನ್ನೆ ಹಿಡಿದುಕೊಳ್ಳುವುದನ್ನು ಬಿಟ್ಟು.

ಬೋಡು, ಬೋಂಡ. ಬರೆದು ನೋಡಿ, ಕನ್ನಡದ ಅಕ್ಷರದಲ್ಲಿ ಇವೆರಡನ್ನು ಬೇರೆ ಮಾಡುವುದು ನಡುವಿನ ಒಂದು ಪುಟ್ಟ ಸೊನ್ನೆ ಮತ್ತು ಬಾಲದ ಒಂದು ಕೊಂಬು. ತುಳುವಿನ ಬೇಕು, ಕೊಡವದ ಬೇಡ, ಇಷ್ಟು ಹತ್ತಿರ ಭುಜಕ್ಕೆ ಭುಜ ತಾಗಿಸಿ ನಿಂತಿರುವ ನಾಡಿನಲ್ಲಿ ನಾವು ಜಗಳವಾಡದೆ ಬದುಕಿದ್ದೇ ಒಂದು ಸೋಜಿಗ. ನಾನು ಎಷ್ಟೋ ಸಲ ಯೋಚಿಸಿದ್ದೇನೆ: ಲೋಕ ನಮಗೆ ದಿನವೂ ಏನನ್ನೋ ಹೇಳುತ್ತಿರುತ್ತದೆ, ಅರ್ಧ ಕೇಳಿಸುತ್ತದೆ, ಅರ್ಧ ನಾವೇ ತುಂಬಿಕೊಳ್ಳುತ್ತೇವೆ. ನನ್ನಂಥವರು ಯಾರೋ ಬೇಕು ಎಂದದ್ದನ್ನೂ ಬೇಡ ಎಂದು ಕೇಳಿಸಿಕೊಂಡು, ಮುಖ ಊದಿಸಿಕೊಂಡು ಮನೆಗೆ ಹೋಗಿದ್ದುಂಟು. ಬೇಡ ಎಂದದ್ದನ್ನು ಬೇಕು ಎಂದು ಕೇಳಿಸಿಕೊಂಡು ಕುಣಿಯುವ ಕಿವಿ ಎಷ್ಟು ಜನಕ್ಕೆ ಇರುತ್ತದೆ? ಆ ಸಂಜೆಯ ತಪ್ಪನ್ನು ನಾನು ಹಾಗೆಯೇ, ಒಂದು ಚಂದದ ತಪ್ಪೆಂದೇ, ಬಹಳ ಕಾಲ ಜೋಪಾನ ಮಾಡಿಕೊಂಡಿದ್ದೆ.

ಆಮೇಲೆ ನನ್ನ ಮದುವೆ ಗೊತ್ತಾಯಿತು. ಗಂಡನ ಮನೆಗೆ ಒಯ್ಯುವ ಕೊಡೆಯನ್ನು ಸರಿಮಾಡಿಸಿಕೊಳ್ಳಲು ಅಂಗಡಿಗೆ ಹೋಗಿ, ಕೂರಲು ಜಾಗವಿಲ್ಲದೆ ಬಾಗಿಲಲ್ಲಿ ನಿಂತಿದ್ದೆ. ನನಗಿಂತ ಮೊದಲೇ ಬಂದಿದ್ದ ಒಬ್ಬ ಕೊಡವ ಅಜ್ಜ ತಮ್ಮ ಹಳೆಯ ಕೊಡೆಯನ್ನು ತಿಮೊಥಿಯಣ್ಣನ ಮುಂದೆ ಚಾಚಿದರು. ತಿಮೊಥಿಯಣ್ಣ ಕಪ್ಪು ಬಟ್ಟೆಯ ಸುರುಳಿ ಎತ್ತಿಕೊಂಡು, "ಹೊಸ ಬಟ್ಟೆ ಹಾಕ್ಲಾ?" ಎಂದು ಕೇಳಿದರು.

"ಬೋಂಡ" ಎಂದರು ಅಜ್ಜ.

ತಿಮೊಥಿಯಣ್ಣ ಒಂದು ಚೂರೂ ತಡಮಾಡದೆ ಬಟ್ಟೆಯ ಸುರುಳಿಯನ್ನು ಬದಿಗಿಟ್ಟು, ಹಳೆಯ ಬಟ್ಟೆಗೇ ಹೊಲಿಗೆ ಹಾಕಿ ಕೊಟ್ಟು ಕಳಿಸಿದರು.

ನಾನು ನಿಂತಲ್ಲೇ ಬಾಯಿ ತೆರೆದೆ. ಅಷ್ಟು ವರ್ಷ ಆ ಅಂಗಡಿಯಲ್ಲಿ ಕೂತು, ದಿನ ಬೆಳಗಾದರೆ ಕೊಡವರ ಕೊಡೆಗಳಿಗೆ ಬಟ್ಟೆ ಹಾಕಲೇ ಎಂದು ಕೇಳಿದ ಮನುಷ್ಯ! ಬಹುಶಃ ಅವರು ಈ ನಾಡಿಗೆ ಬಂದು ಕಲಿತ ಮೊದಲ ಕೊಡವ ಮಾತೇ ಅದಾಗಿರಬೇಕು. ನಾನು ನೋಡಿದ್ದನ್ನು ಅವರು ನೋಡಿದರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಎಂತ ಹಾಗೆ ನೋಡುದು ಮಾರಾಯ್ತಿ? ಆ ದಿವಸ ನಂಗೆ ಕಿವಿ ಸ್ವಲ್ಪ ಮಂದ ಇತ್ತು" ಎಂದರು.

ಆಮೇಲೆ ನಾವಿಬ್ಬರೂ ನಕ್ಕ ನಗುವಿಗೆ ಪಕ್ಕದ ಅಂಗಡಿಯವರು ಓಡಿ ಬಂದರು. ಕಣ್ಣೊರೆಸಿಕೊಂಡು, ಕೋಟಿನ ಒಳಜೇಬಿಗೆ ಕೈ ಹಾಕಿ ಆ ಕಡ್ಡಿಯನ್ನು ನನ್ನ ಕೈಯಲ್ಲಿಟ್ಟರು. "ಕೊಂಡೋಗು. ಗಂಡನ ಮನೆಯಲ್ಲಿ ತಾಳ ಹಾಕ್ಲಿಕ್ಕೆ ಬೇಕಾಗ್ತದೆ. ನಂಗೆ ಇಲ್ಲಿ ಕಡ್ಡಿಗೆ ಬರಗಾಲವಾ?" ಪೊನ್ನವ್ವನಿಗೆ ಹೇಳಬಾರದೆಂದು ಆಣೆಯನ್ನೂ ಹಾಕಿಸಿಕೊಂಡರು, ತನ್ನ ಒಂದು ಮಾತಿನಿಂದ ಊರೆಲ್ಲ ಹಾಡಿತು ಎಂಬ ಹೆಮ್ಮೆಯಲ್ಲಿ ಅವಳು ತಲೆಯೆತ್ತಿ ಓಡಾಡುತ್ತಿದ್ದಳಲ್ಲ, ಅದು ಹಾಗೇ ಇರಲಿ ಎಂದು.

ತಿಮೊಥಿಯಣ್ಣ ತೀರಿಕೊಂಡದ್ದು ಕಕ್ಕಡ ತಿಂಗಳ, ಅಂದರೆ ಆಷಾಢದ, ಮಳೆಯಲ್ಲಿ. ಗಾಳಿಬೀಡಿನಿಂದ ಹೋಗಿದ್ದೆ. ಗೋರಿಯ ಸುತ್ತ ಕೊಡೆಗಳ ಕಪ್ಪು ಮಾಡು ಕಟ್ಟಿದಂತಿತ್ತು, ಒಂದೂ ಸೋರುತ್ತಿರಲಿಲ್ಲ. ಡೇನಿಯಲ್ ಮಾಸ್ತರರು ಜೇಬಿಗೆ ಕೈ ಹಾಕಿದರು, ಶ್ರುತಿಕಡ್ಡಿ ತೆಗೆಯದೆ ಹಾಗೇ ಬಿಟ್ಟರು. ಪೊನ್ನವ್ವ ಶುರು ಮಾಡಿದಳು. ಮಳೆಗೆ ಕೇಳುವಂತೆ ಹಾಡಿದೆವು. ನನಗೆ ತುಂಬ ಅಳು ಬಂತು. ಅಳುವಿನ ನಡುವೆ ಪೊನ್ನವ್ವ ನನ್ನ ಕಡೆ ತಿರುಗಿ, ಇಷ್ಟು ಕೆಟ್ಟದಾಗಿ ಹಾಡಿದ್ದು ಕೇಳಿದ್ದರೆ ಅವರಿಗೆ ಎಷ್ಟು ಖುಷಿಯಾಗುತ್ತಿತ್ತು ಎಂದಳು. ಅಲ್ಲಿಗೆ ಅಳುವಿನ ಜಾಗಕ್ಕೆ ನಗು ಬಂದು ಕೂತಿತು.

ನೋಡಿ, ಮಾತಿನ ನಡುವೆ ಕಡುಬು ಬೆಂದಿರಬೇಕು, ಹಬೆಯ ವಾಸನೆ ಜಗುಲಿಗೂ ಬಂದಿದೆ. ಒಳಗೆ ಹೋಗಿ ಮೊಳೆಯಿಂದ ಕಡ್ಡಿ ತೆಗೆಯುತ್ತೇನೆ. ಸೊಸೆ ನಿನ್ನೆ ತಂದ ಹೊಳೆಯುವ ಸ್ಟೀಲಿನ ಮುಳ್ಳುಚಮಚ ಪಕ್ಕದಲ್ಲೇ ಇದೆ; ಇರಲಿ, ನೋಡಲು ಚೆನ್ನಾಗಿದೆ. ಚುಚ್ಚಿದ ಕಡ್ಡಿ ಹಿಟ್ಟು ಅಂಟದೆ ಬಂದರೆ ಆ ಸಂತೋಷಕ್ಕೆ ಅದನ್ನು ಹಾಗೇ ಮೇಲೆತ್ತುತ್ತೇನೆ, ಗಂಟಲು ತಾನಾಗಿ ತೆರೆದುಕೊಳ್ಳುತ್ತದೆ. ನನಗೂ ಹಾಡಲು ಬರುವುದಿಲ್ಲ. ಕಲಿತದ್ದು ಯಾರ ಹತ್ತಿರ ಎಂದು ನಿಮಗೀಗ ಗೊತ್ತು. ಬೆಕ್ಕು ಅಟ್ಟದಿಂದ ಹಾರಿ ಓಡುತ್ತದೆ. ಸೊಸೆ ಎರಡೂ ಕಿವಿ ಮುಚ್ಚಿಕೊಂಡು, ನಗುತ್ತ, ತನ್ನ ತುಳುವಿನಲ್ಲಿ, "ಬೊಡ್ಚಿ ಅತ್ತೆ, ಬೊಡ್ಚಿ!" ಎಂದು ಕೂಗುತ್ತಾಳೆ. ಬೊಡ್ಚಿ ಎಂದರೆ ಬೇಡ ಎಂದು ನನಗೆ ಚೆನ್ನಾಗಿ ಗೊತ್ತು.

ಆದರೆ ಏನು ಮಾಡಲಿ, ನನ್ನ ಕಿವಿಗೆ ಅದರ ಮೊದಲರ್ಧ ಮಾತ್ರ ಕೇಳಿಸುತ್ತದೆ.